ಬಿಳಿ ಬಲ್ಬಿಗೆ ಬೆಳಕು ಹೆಚ್ಚೆಂಬ ಭ್ರಮೆ

ಮನೆಗಳಿಗೆ ದೀಪಗಳ ವ್ಯವಸ್ಥೆ ಮಾಡಿಕೊಡುವ ನನ್ನ ವೃತ್ತಿಯಲ್ಲಿ, ಗೃಹಪ್ರವೇಶ ಹತ್ತಿರವಾದಂತೆ ತಪ್ಪದೆ ಕಿವಿಗೆ ಬೀಳುವ ಮಾತೊಂದಿದೆ: ‘ಹಳದಿ ಬಲ್ಬ್ ಬೇಡ ಸಾರ್, ಮಂಕಾಗತ್ತೆ. ಎಲ್ಲಾ ಕಡೆ ಬಿಳೀದೇ ಹಾಕ್ಸಿ.’

ಡಬ್ಬಿಯ ಮೇಲೆ ಕೆಲ್ವಿನ್‌ನಲ್ಲಿ ನಮೂದಿಸಿರುವುದು ಬೆಳಕಿನ ಬಣ್ಣ. ಬೆಳಕು ಎಷ್ಟೆಂಬುದನ್ನು ಹೇಳುವುದು ಲ್ಯೂಮೆನ್. 2700 ಕೆಲ್ವಿನ್ ಹೊಂಬಣ್ಣದ್ದು, 4000 ಹೆಚ್ಚುಕಡಿಮೆ ಅಚ್ಚಬಿಳಿ, 6500 ನೀಲಿ ಬೆರೆತ ಬಿಳಿ. 900 ಲ್ಯೂಮೆನ್ ಎಂದರೆ ಯಾವ ಬಣ್ಣದಲ್ಲಿಯೂ 900 ಲ್ಯೂಮೆನ್ನೇ. ಒಂದೇ ವ್ಯಾಟಿನ ಎಲ್ಇಡಿಗಳಲ್ಲಿ ಹಳದಿಯದಕ್ಕೆ ಲ್ಯೂಮೆನ್ ಕೊಂಚ ಕಡಿಮೆ ಇರುವುದುಂಟು. ಆದರೆ ಆ ವ್ಯತ್ಯಾಸ ಸಾಮಾನ್ಯವಾಗಿ ಕಣ್ಣಿಗೆ ತಿಳಿಯುವಷ್ಟಿರುವುದಿಲ್ಲ.

ಜನರನ್ನು ದೂರಿ ಫಲವಿಲ್ಲ, ಈ ನಂಬಿಕೆಗೆ ಕಾರಣವಿದೆ. ಸಂಜೆ ವೋಲ್ಟೇಜ್ ಇಳಿದೊಡನೆ ಹಳೆಯ ತಂತಿಯ ಬಲ್ಬು ಕೆಂಪಾಗಿ ಮಿಣುಕುತ್ತಿದ್ದುದನ್ನು ಕಂಡವರು ನಾವು; ಆಮೇಲೆ ಬಂದ 40 ವ್ಯಾಟಿನ ಟ್ಯೂಬ್‌ಲೈಟು 60 ವ್ಯಾಟಿನ ಬಲ್ಬಿಗಿಂತ ಮೂರು ಪಟ್ಟಿಗೂ ಹೆಚ್ಚು ಬೆಳಕು ಕೊಟ್ಟಿತು, ಮತ್ತು ಅದರ ಬಣ್ಣ ಬಿಳಿಯಾಗಿತ್ತು.

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ, ಅವರ ತಂದೆಯವರು ಹಾಕಿಸಿದ್ದ ರೆಡ್ ಆಕ್ಸೈಡ್ ನೆಲ 6500ರ ಬೆಳಕಿನಲ್ಲಿ ಬೂದಿ ಬಳಿದಂತೆ ಕಾಣುತ್ತಿತ್ತು. ಎಷ್ಟು ಹೇಳಿದರೂ ಒಪ್ಪದಿದ್ದಾಗ, ಒಂದೇ ಲ್ಯೂಮೆನ್ನಿನ ಎರಡು ಬಣ್ಣದ ಬಲ್ಬುಗಳನ್ನು ಒಂದಾದ ಮೇಲೊಂದರಂತೆ ಅದೇ ಹೋಲ್ಡರಿಗೆ ಹಾಕಿ, ಕೈಗೆ ಪಂಚಾಂಗ ಕೊಟ್ಟೆ. ಅದರ ಸಣ್ಣಕ್ಷರವನ್ನು ಎರಡರಲ್ಲಿಯೂ ಸರಾಗವಾಗಿ ಓದಿದ ಮೇಲೂ ಅವರು, ‘ಆದ್ರೂ ಬಿಳೀದೇ ಚೆನ್ನಾಗಿ ಕಾಣತ್ತಪ್ಪ’ ಎಂದರು. ನೆಲ ನೋಡಿದ ಅವರ ಮನೆಯವರು ಮಾತ್ರ ಹಳದಿಯದನ್ನು ಬಿಚ್ಚಲು ಬಿಡಲಿಲ್ಲ.

ಮಲಗುವ ಕೋಣೆಗೂ ನಡುಮನೆಗೂ 2700ರಿಂದ 3000 ಸಾಕು. ಅಡುಗೆಕಟ್ಟೆಗೆ ಮತ್ತು ಮಕ್ಕಳು ಓದುವ ಮೇಜಿಗೆ 4000 ಒಪ್ಪುತ್ತದೆ. ರಾತ್ರಿ ಹೊತ್ತು ನೀಲಿ ಹೆಚ್ಚಿರುವ ಬೆಳಕು ನಿದ್ರೆಗೆ ಅಡ್ಡಿಯಾಗಬಹುದಾದ್ದರಿಂದ, ಮಲಗುವ ಕೋಣೆಗೆ 6500 ಹಾಕಿಸಿಕೊಳ್ಳಬೇಡಿರೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸೀರೆಯ ಬಣ್ಣ ನೋಡಿಕೊಳ್ಳುವ ಕನ್ನಡಿಯ ಬಳಿ ಮಾತ್ರ ಕೆಲ್ವಿನ್ ಜೊತೆಗೆ ಸಿಆರ್‌ಐ ಅಂಕಿಯನ್ನೂ (ವಸ್ತುಗಳ ಬಣ್ಣವನ್ನು ಬೆಳಕು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಳತೆ) ನೋಡಿ, 90 ಅಥವಾ ಅದಕ್ಕೂ ಮೇಲಿನದನ್ನು ಕೊಳ್ಳಿ.

ವಯಸ್ಸಾದವರ ಕಣ್ಣಿಗೆ ಹೆಚ್ಚು ಬೆಳಕು ಬೇಕೆಂಬುದು ನಿಜವೇ. ಅದಕ್ಕೆ ಲ್ಯೂಮೆನ್ ಹೆಚ್ಚಿರುವ ಬಲ್ಬನ್ನು ತನ್ನಿ, ಇಲ್ಲವೇ ಅವರು ಕೂರುವ ಕುರ್ಚಿಯ ಪಕ್ಕಕ್ಕೆ ಇನ್ನೊಂದು ದೀಪ ಹಾಕಿಸಿ. ಬಣ್ಣ ಹಳದಿಯಾಗಿಯೇ ಇರಲಿ.