ಹಳೇ ಕಂಪ್ಯೂಟರಿನ ಸದ್ದಡಗಿಸುವ ವಿಜ್ಞಾನ

ಮನೆಮಂದಿಯ ಫೋಟೊ, ಮದುವೆ ವಿಡಿಯೊ, ಅಂಕಪಟ್ಟಿ, ಜಮೀನಿನ ಪಹಣಿ ಎಲ್ಲವನ್ನೂ ಒಂದೇ ಕಡೆ ಇಟ್ಟು, ಮನೆಯ ಯಾವ ಫೋನಿನಿಂದಲಾದರೂ ತೆರೆದು ನೋಡಲು ದುಬಾರಿ ಯಂತ್ರವೇನೂ ಬೇಕಿಲ್ಲ. ಹತ್ತು ವರ್ಷದ ಹಿಂದೆ ಕಚೇರಿಗಳಲ್ಲಿ ಮೇಜಿಗೊಂದರಂತೆ ಇದ್ದ ಡೆಸ್ಕ್‌ಟಾಪನ್ನೇ ಮನೆಯ ಸರ್ವರ್, ಅಂದರೆ ಎಲ್ಲರ ಕಡತಗಳನ್ನು ಕಾಪಿಟ್ಟು ಕೇಳಿದಾಗ ಒದಗಿಸುವ ಕಂಪ್ಯೂಟರ್, ಮಾಡಿಕೊಂಡರೆ ಸಾಕು. 2013ರಲ್ಲಿ ಬಂದ ಇಂಟೆಲ್ ಕೋರ್ ಐ5-4570 ಪ್ರೊಸೆಸರನ್ನೇ ತೆಗೆದುಕೊಳ್ಳಿ. ಅದೇ ಕಾಲದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತವೆ. ಮನೆಯ ಗಿಗಾಬಿಟ್ ನೆಟ್‌ವರ್ಕ್ ಕೇಬಲ್ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಸಾಗಿಸಬಲ್ಲದು. ಅಷ್ಟನ್ನು ಒದಗಿಸುವುದು ಈ ಪ್ರೊಸೆಸರಿಗೆ ಒಂದು ಕೆಲಸವೇ ಅಲ್ಲ.

ತೊಡಕಿರುವುದು ಸದ್ದಿನಲ್ಲಿ. ಕಚೇರಿಯ ಗಲಾಟೆಯಲ್ಲಿ ಕೇಳದೇ ಹೋದ ಗುಂಯ್‌ಗುಟ್ಟುವಿಕೆ ರಾತ್ರಿ ಹೊತ್ತು ಮನೆಯಲ್ಲಿ ನಿದ್ದೆ ಕೆಡಿಸುತ್ತದೆ. ಆಗ ಯಾರೋ ಎದ್ದು ಹೋಗಿ ಸ್ವಿಚ್ ಆರಿಸುತ್ತಾರೆ. ಆರಿಸಿಟ್ಟ ಸರ್ವರಿನಿಂದ ಯಾರಿಗೂ ಉಪಯೋಗವಿಲ್ಲ. ಹೀಗಾಗಿ ನಿಶ್ಶಬ್ದವನ್ನು ನಾನು ಮೊದಲ ಅಗತ್ಯವೆಂದೇ ಎಣಿಸುತ್ತೇನೆ.

ಬಿಸಿ ಹೆಚ್ಚಿದಷ್ಟೂ ಫ್ಯಾನ್ ಜೋರಾಗಿ ತಿರುಗಬೇಕು. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಬಿಸಿಯಿಂದ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕಿತ್ತಿಡಿ. ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗುಗಳಿಗೆ, ಅಂದರೆ ಬಯಾಸ್‌ಗೆ ಹೋಗಿ, ಅಗತ್ಯ ಬಿದ್ದಾಗ ಪ್ರೊಸೆಸರಿನ ವೇಗ ಏರಿಸುವ ಟರ್ಬೊವನ್ನು ಆಫ್ ಮಾಡಿ. ಆಗ ಪ್ರೊಸೆಸರಿನ ಗರಿಷ್ಠ ವೇಗದ ಜೊತೆಗೆ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತದೆ. ಟ್ರಾನ್ಸಿಸ್ಟರುಗಳು ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜ್ ಶೇ. 10ರಷ್ಟು ಇಳಿದರೆ ಶಾಖ ಶೇ. 19ರಷ್ಟು ಇಳಿಯುತ್ತದೆ. ಬಿಲ್ಲಿಗೂ ಇದು ಒಳ್ಳೆಯದೇ: ಹಗಲೂ ರಾತ್ರಿ 30 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ ಸುಮಾರು 22 ಯೂನಿಟ್ ಸುಡುತ್ತದೆ.

ಇನ್ನು ಫ್ಯಾನು. ಅದರ ಸದ್ದಿನ ಶಕ್ತಿ ಸುತ್ತುವ ವೇಗದ ಐದನೆಯ ಘಾತದಂತೆ ಏರುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ಕಿವಿಗೆ ಅರ್ಧದಷ್ಟಾಯಿತು ಅನ್ನಿಸುತ್ತದೆ. ಗಾಳಿಯ ಪ್ರಮಾಣವಾದರೋ ವೇಗಕ್ಕೆ ನೇರ ಅನುಪಾತದಲ್ಲಿ, ವ್ಯಾಸಕ್ಕೆ ಘನದ ಅನುಪಾತದಲ್ಲಿ ಇರುತ್ತದೆ. ಅಂದರೆ 80 ಮಿಲಿಮೀಟರಿನ ಫ್ಯಾನ್ ತೆಗೆದು ಅದೇ ವಿನ್ಯಾಸದ 120 ಮಿಲಿಮೀಟರಿನದನ್ನು ಕೂರಿಸಿದರೆ, ಮೂರನೇ ಒಂದು ಭಾಗಕ್ಕಿಂತ ಕಡಿಮೆ ವೇಗದಲ್ಲೇ ಅಷ್ಟೇ ಗಾಳಿ ಹಾಯುತ್ತದೆ. ರೆಕ್ಕೆ ದೊಡ್ಡದಾದ್ದರಿಂದ ಸೇರುವ ಸದ್ದನ್ನು ಕಳೆದರೂ ಲೆಕ್ಕದ ಪ್ರಕಾರ ಸುಮಾರು 14 ಡೆಸಿಬೆಲ್ ಉಳಿತಾಯ. ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಒಳಗಿನ ಫ್ಯಾನ್ ಕರಕರ ಅನ್ನುತ್ತಿದ್ದರೆ ಮಾತ್ರ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಜೀವಕ್ಕೇ ಕುತ್ತು ತರುವಷ್ಟು ವಿದ್ಯುತ್ತು ಉಳಿದಿರಬಹುದು. ಇಡೀ ಎಸ್‌ಎಂಪಿಎಸ್ಸನ್ನೇ ಬದಲಿಸಿ.

ಫ್ಯಾನ್ ಸುಮ್ಮನಾದ ಮೇಲೆಯೇ ಹಾರ್ಡ್ ಡಿಸ್ಕಿನ ದನಿ ಕಿವಿಗೆ ಬೀಳುವುದು. 5400 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಡಿಸ್ಕ್ ಸೆಕೆಂಡಿಗೆ 90 ಸುತ್ತು, 7200ರದ್ದು 120 ಸುತ್ತು ಹಾಕುತ್ತದೆ. ಆ ಕಂಪನ ಸ್ಕ್ರೂಗಳ ಮೂಲಕ ತಗಡಿನ ಕ್ಯಾಬಿನೆಟ್ಟಿಗೆ ಇಳಿದಾಗ, ತಂಬೂರಿಯ ತಂತಿಗೆ ಬುರುಡೆ ಸಿಕ್ಕಂತಾಗುತ್ತದೆ. ಎರಡು ಡಿಸ್ಕುಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರಂತೂ ಶ್ರುತಿ ತಪ್ಪಿದ ತಂತಿಗಳ ಹಾಗೆ ದನಿ ಏರುತ್ತ ಇಳಿಯುತ್ತ ಅಲೆಅಲೆಯಾಗಿ ಕೇಳುತ್ತದೆ. ಪಕ್ಕದ ತಗಡಿನ ಮೇಲೆ ಅಂಗೈ ಊರಿ ನೋಡಿ, ಅಲೆ ಕೈಗೇ ತಟ್ಟುತ್ತದೆ. ಪರಿಹಾರ ರಬ್ಬರ್ ವಾಷರು. ಆದರೆ ಸ್ಕ್ರೂ ಪೂರ್ತಿ ಬಿಗಿದರೆ ರಬ್ಬರ್ ಅಪ್ಪಚ್ಚಿಯಾಗಿ ಕಂಪನ ಮತ್ತೆ ದಾಟುತ್ತದೆ. ಡಿಸ್ಕ್ ತುಸು ಅಲುಗುವಂತಿರಬೇಕು. ನನಗೆ ಮೆಚ್ಚುಗೆಯಾದ ಜಾಗ ಹಳೇ ಸಿ.ಡಿ. ಡ್ರೈವಿನದು. ಅದು 5.25 ಇಂಚಿನ ಗೂಡು, ಡಿಸ್ಕ್ 3.5 ಇಂಚಿನದು. ನಡುವಿನ ಸಂದಿಯಲ್ಲಿ ದಪ್ಪ ಎಲಾಸ್ಟಿಕ್ ಕಟ್ಟಿ ಡಿಸ್ಕನ್ನು ತೂಗುಬಿಡಬಹುದು.

ಗಾಳಿ ಕಡಿಮೆಯಾದರೆ ಡಿಸ್ಕ್ ಕಾದು ಕೆಡುವುದಿಲ್ಲವೇ? ಗೂಗಲ್‌ನ ಎಂಜಿನಿಯರುಗಳು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಯವನ್ನು ಬಹುಮಟ್ಟಿಗೆ ಕಳೆಯಿತು. ಬಿಸಿ ತೀರಾ ಏರಿದಾಗ ಬಿಟ್ಟರೆ, ತಾಪಕ್ಕೂ ಡಿಸ್ಕ್ ಸಾಯುವುದಕ್ಕೂ ಜನ ಅಂದುಕೊಂಡಷ್ಟು ನಂಟು ಕಾಣಲಿಲ್ಲ. ಇನ್ನೊಂದು ಸಂಗತಿ ಕಳವಳದ್ದು: ಸತ್ತ ಡಿಸ್ಕುಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚಿನವು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ‘ಸ್ಮಾರ್ಟ್’ ವರದಿಯಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಮಿಕ್ಕೆಲ್ಲ ಹಳೆಯದಿರಲಿ, ಡಿಸ್ಕ್ ಮಾತ್ರ ಹೊಸದೇ ಇರಲಿ, ಎರಡಿರಲಿ. ಒಂದೇ ಮಾಹಿತಿಯನ್ನು ಎರಡರಲ್ಲೂ ಬರೆಯುವ ಕೆಲಸವನ್ನು ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ತಂತ್ರಾಂಶಗಳು ನೋಡಿಕೊಳ್ಳುತ್ತವೆ. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆ ಬಳಸಿದರೆ ಅದು ಕೆಟ್ಟ ತುಣುಕನ್ನು ಪತ್ತೆಹಚ್ಚಿ, ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ತಾನೇ ತಿದ್ದುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರಾದರೆ ಸಣ್ಣ ಯುಪಿಎಸ್ ಇರಲೇಬೇಕು.

ಜೋಡಿ ಡಿಸ್ಕಿನಿಂದ ಆಗದ ಕೆಲಸವೂ ಒಂದಿದೆ. ತಪ್ಪಿ ಅಳಿಸಿದ ಫೋಟೊ ಎರಡರಿಂದಲೂ ಒಟ್ಟಿಗೇ ಹೋಗುತ್ತದೆ. ಅದಕ್ಕೆ ಮೂರನೆಯದೊಂದು ಡಿಸ್ಕಿನಲ್ಲಿ ಪ್ರತಿ ತೆಗೆದು ಊರಿನ ಮನೆಯಲ್ಲಿಡಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಅದಕ್ಕೆ ಸೇರಿಸಿ ಬಂದರಾಯಿತು.