ಗ್ರೇಟ್ ಜಿಂಬಾಬ್ವೆ: ಗೋಡೆ ನೋಡಬೇಡಿ, ನೆಲ ನೋಡಿ

ಆಫ್ರಿಕಾದ ದಕ್ಷಿಣ ಭಾಗದ ಹಾಳುಬಿದ್ದ ಕಲ್ಲಿನ ನಗರ ಗ್ರೇಟ್ ಜಿಂಬಾಬ್ವೆ ಎಂದರೆ ಸಾಕು, ಎಲ್ಲರೂ ಗೋಡೆಯ ಅಳತೆ ಉರುಹೊಡೆಯುತ್ತೇವೆ. ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವೆಡೆ 11 ಮೀಟರ್. ಗಾರೆಯೇ ಇಲ್ಲದೆ ಪೇರಿಸಿದ ಗ್ರಾನೈಟ್. ಇದು ಒಂದು ಅಂಕದ ಪ್ರಶ್ನೆಗೆ ಸಾಕು. ಕಟ್ಟಿದವರು ಆಫ್ರಿಕನ್ನರೋ ಹೊರಗಿನವರೋ ಎಂಬ ಜಗಳ ತೀರಿದ್ದು ಮಾತ್ರ ಮಣ್ಣಿನಿಂದ.

1871ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಕಾರ್ಲ್ ಮೌಖ್ ಬಾಗಿಲ ಮೇಲಿನ ತೊಲೆಯಿಂದ ಒಂದು ಚಕ್ಕೆ ಕಿತ್ತು ಮೂಸಿದ. ತನ್ನ ಪೆನ್ಸಿಲಿನ ವಾಸನೆಯೇ ಬಂತಂತೆ! ಹಾಗಾದರೆ ಇದು ಲೆಬನಾನಿನ ಸೀಡರ್, ಹಾಗಾದರೆ ಕಟ್ಟಿಸಿದವಳು ಬೈಬಲಿನಲ್ಲಿ ಬರುವ ಶೇಬಾದ ರಾಣಿ ಎಂದುಬಿಟ್ಟ. ಆ ಮರ ಆಫ್ರಿಕಾದ್ದೇ.

ನಿಜವಾದ ಹಾನಿ ಮಾಡಿದವನು ಈ ಅವಶೇಷಗಳ ಉಸ್ತುವಾರಿಗೆ ನೇಮಕವಾಗಿದ್ದ ರಿಚರ್ಡ್ ಹಾಲ್. ಆಫ್ರಿಕನ್ನರು ಆಮೇಲೆ ಬಂದು ಬಿಟ್ಟುಹೋದ ಕಸ ಎಂದುಕೊಂಡು, 1902ರಿಂದ 1904ರವರೆಗೆ ಆವರಣದೊಳಗಿನ ಮಣ್ಣಿನ ಪದರಗಳನ್ನೇ ಕೆರೆದು ಹೊರಗೆ ಹಾಕಿಸಿದ. ಸಾಕ್ಷಿ ಇದ್ದದ್ದು ಆ ಕಸದಲ್ಲೇ.

ಆದ್ದರಿಂದ 1929ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಯಾರೂ ಕೆದಕದ ಜಾಗ ಹುಡುಕಿದರು. ಇಲ್ಲಿ ಸ್ವಲ್ಪ ನಿಲ್ಲಿ, ಪದರದ ತರ್ಕ ಅರ್ಥವಾಗಬೇಕು. ಹಳೆಯ ಮನೆಯ ನೆಲ ಅಗೆದಾಗ ಅದರಡಿ 1985ರ ನಾಣ್ಯ ಸಿಕ್ಕಿತು ಅನ್ನಿ. ನಡುವೆ ಯಾರೂ ನೆಲ ಒಡೆದಿಲ್ಲದಿದ್ದರೆ, ಆ ನೆಲ ಹಾಕಿದ್ದು 1985ಕ್ಕಿಂತ ಮುಂಚೆ ಆಗಿರಲು ಸಾಧ್ಯವೇ ಇಲ್ಲ. ಅವರೂ ಹೀಗೆಯೇ ಲೆಕ್ಕ ಹಾಕಿದರು: ಗಟ್ಟಿಸಿದ ಮಣ್ಣಿನ ನೆಲದ ಮೇಲೂ ಕೆಳಗೂ ಸ್ಥಳೀಯರ ಮಡಕೆ ಚೂರುಗಳು, ಜೊತೆಗೆ ಕಾಲ ಗುರುತಿಸಬಹುದಾದ ಹೊರನಾಡಿನ ಗಾಜಿನ ಮಣಿಗಳು. ಶೇಬಾದ ರಾಣಿಯ ಕಾಲದ್ದು ಏನೂ ಇಲ್ಲ. ಕಟ್ಟಿದವರು ಆಫ್ರಿಕನ್ನರೇ, ಕಾಲ ಮಧ್ಯಯುಗ. 1905ರಲ್ಲೇ ಇನ್ನೊಬ್ಬ ಪುರಾತತ್ತ್ವಜ್ಞ ರ‍್ಯಾಂಡಲ್-ಮ್ಯಾಕೈವರ್ ಹೇಳಿದ್ದೂ ಇದನ್ನೇ. ಈಗ ಅಲ್ಲಿ ನೆಲೆಸಿರುವ ಶೋನಾ ಜನರ ಪೂರ್ವಜರು ಸುಮಾರು 11ರಿಂದ 15ನೇ ಶತಮಾನದ ನಡುವೆ ಕಟ್ಟಿದರು ಎಂದು ಬರೆಯುತ್ತೇವೆ.

ನಾವು ತಪ್ಪುವುದು ಇಲ್ಲಿ: ಚೀನಾದ ಪಿಂಗಾಣಿ, ಪರ್ಷಿಯಾದ ಬಟ್ಟಲು, ಪೂರ್ವ ಆಫ್ರಿಕಾ ಕರಾವಳಿಯ ಬಂದರು ಕಿಲ್ವಾದ ನಾಣ್ಯ ಸಿಕ್ಕಿವೆ, ಅಂದಮೇಲೆ ಹೊರಗಿನವರೇ ಕಟ್ಟಿರಬೇಕು ಎಂದು ಬರೆಯುತ್ತೇವೆ. ಅವು ವ್ಯಾಪಾರದ ಸರಕು. ಒಳನಾಡಿನ ಚಿನ್ನ ಕರಾವಳಿಗೆ ಹೋಗುತ್ತಿತ್ತು, ಇವು ಬರುತ್ತಿದ್ದವು, ಅಷ್ಟೇ.

ಮಣ್ಣು ಹೇಳಿದ್ದನ್ನು ಆಳುವವರು ಕೇಳಬೇಕಲ್ಲ? ಆಗ ರೊಡೇಷ್ಯಾ ಎನ್ನುತ್ತಿದ್ದ ಆ ದೇಶದ ಬಿಳಿಯರ ಸರ್ಕಾರಕ್ಕೆ ಈ ಉತ್ತರ ಹಿಡಿಸಲಿಲ್ಲ; ಒತ್ತಡ ತಾಳದೆ ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಟ್ಟರು. ಹತ್ತು ವರ್ಷ ಕಳೆದು ಸ್ವತಂತ್ರವಾದಾಗ ಆ ದೇಶ ಈ ಕಲ್ಲುಮನೆಗಳ ಹೆಸರನ್ನೇ ಇಟ್ಟುಕೊಂಡಿತು. ಇಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿ ಬಾವುಟಕ್ಕೇರಿತು.