ಫ್ಯಾಕ್ಟರಿ ರೀಸೆಟ್: ಲ್ಯಾಪ್‌ಟಾಪ್ ವಾಪಸ್ ಕೊಡುವ ಮುನ್ನ

ಕೊರೋನಾ ಕಾಲದಲ್ಲಿ ಬೆಂಗಳೂರಿನ ಕಂಪನಿ ಲ್ಯಾಪ್‌ಟಾಪ್ ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ಸೇರಿದವರು ಬಹಳ. ಕೆಲಸ ಬಿಟ್ಟ ದಿನ ಅದನ್ನು ಕೊರಿಯರ್ ಮಾಡಬೇಕು. ಆಗ ಕಿವಿಗೆ ಬೀಳುವ ಮಾತು, 'ಫ್ಯಾಕ್ಟರಿ ರೀಸೆಟ್ ಮಾಡಿ ಕಳಿಸಿ'. ಕಾರವಾರದಲ್ಲಿ ಬಾಡಿಗೆಗೆ ತಂದ ಕಂಪ್ಯೂಟರ್ ಮರಳಿಸುವಾಗಲೂ, ಕುಮಟೆಯ ಅಂಗಡಿಯಲ್ಲಿ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವಾಗಲೂ ಇದೇ ಮಾತು.

ಬಳಸಿದವರು ತುಂಬಿದ ಫೈಲು, ಪ್ರೋಗ್ರಾಂ, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ತೆಗೆದು ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಕೂರಿಸುವುದೇ ಫ್ಯಾಕ್ಟರಿ ರೀಸೆಟ್. ಮೊದಲೆಲ್ಲ ಸಿ.ಡಿ. ಹಾಕಿ 'ಫಾರ್ಮ್ಯಾಟ್ ಹೊಡೆಸುತ್ತಿದ್ದೆವು'. 2012ರ ವಿಂಡೋಸ್ 8ರಿಂದ ಈ ಸೌಲಭ್ಯ ವಿಂಡೋಸ್ ಒಳಗೇ ಬಂತು. ಹಾಗಂತ ಯಂತ್ರ ಪೂರಾ ಖರೀದಿಯ ದಿನಕ್ಕೆ ಹೋಗುವುದಿಲ್ಲ. ವಿಂಡೋಸ್ 10ರಿಂದ 11ಕ್ಕೆ ಏರಿದ್ದು 11ರಲ್ಲೇ ಉಳಿಯುತ್ತದೆ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಂ) ಪಾಸ್‌ವರ್ಡ್ ಹಾಕಿದ್ದರೆ ಅದೂ ಹಾಗೇ ಇರುತ್ತದೆ, ನೀವೇ ತೆಗೆಯಬೇಕು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂದು ಹೋದರೆ 'ರೀಸೆಟ್ ದಿಸ್ ಪಿಸಿ' ಸಿಗುತ್ತದೆ. ಒತ್ತಿದ ಕೂಡಲೇ ಎರಡು ಆಯ್ಕೆ: 'ಕೀಪ್ ಮೈ ಫೈಲ್ಸ್', 'ರಿಮೂವ್ ಎವ್ರಿಥಿಂಗ್'. ಮೊದಲನೆಯದು ಯಂತ್ರ ನಿಧಾನವಾದಾಗ ಸರಿಪಡಿಸಿಕೊಳ್ಳಲು. ಅದು ನಿಮ್ಮ ಫೋಟೋ, ಪತ್ರಗಳನ್ನು ಮುಟ್ಟುವುದೇ ಇಲ್ಲ. ವಾಪಸ್ ಕೊಡುವವರಿಗೆ ಬೇಕಾದದ್ದು ಎರಡನೆಯದು.

ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಫೈಲ್ ಡಿಲೀಟ್ ಮಾಡಿದಾಗ ಹಾರ್ಡ್ ಡಿಸ್ಕಿನಲ್ಲಿ ಹೋಗುವುದು ಅದರ ವಿಳಾಸ ಮಾತ್ರ. ಪಹಣಿಯಲ್ಲಿ ಹೆಸರು ತೆಗೆಸಿದರೂ ತೋಟದಲ್ಲಿ ಅಡಿಕೆ ಮರ ನಿಂತೇ ಇರುವ ಹಾಗೆ. ಆ ಜಾಗದ ಮೇಲೆ ಬೇರೇನೋ ಬರೆಯುವ ತನಕ ರಿಕವರಿ ಸಾಫ್ಟ್‌ವೇರಿನಿಂದ ಹಳೆಯದನ್ನು ಎತ್ತಬಹುದು. ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ಇದು ಅಷ್ಟು ಸುಲಭವಲ್ಲ, ಆದರೆ ಹಳೆ ಕಂಪ್ಯೂಟರುಗಳಲ್ಲಿ ಇರುವುದು ಹೆಚ್ಚಾಗಿ ತಿರುಗುವ ಡಿಸ್ಕೇ. ಅದಕ್ಕಾಗಿ ಮುಂದೆ ಬರುವ 'ಅಡಿಷನಲ್ ಸೆಟ್ಟಿಂಗ್ಸ್' ಪುಟದಲ್ಲಿ 'ಚೇಂಜ್ ಸೆಟ್ಟಿಂಗ್ಸ್' ಒತ್ತಿ 'ಕ್ಲೀನ್ ಡೇಟಾ' ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಡಿ ಡ್ರೈವ್ ಇದ್ದರೆ ಅಲ್ಲೇ ಇನ್ನೊಂದು ಪ್ರಶ್ನೆ ಇದೆ: ಎಲ್ಲ ಡ್ರೈವಿನ ಫೈಲೂ ತೆಗೆಯಬೇಕೇ? ಇಲ್ಲ ಅಂತ ಬಿಟ್ಟರೆ ವಿಂಡೋಸ್ ಇರುವ ಸಿ ಡ್ರೈವ್ ಮಾತ್ರ ಖಾಲಿ. ನಮ್ಮಲ್ಲಿ ಆಧಾರ್ ಸ್ಕ್ಯಾನು, ಮದುವೆ ಫೋಟೋ, ಬ್ಯಾಂಕಿನ ಪಿಡಿಎಫ್ಫು ಎಲ್ಲ ತುಂಬಿಸುವುದು ಡಿ ಡ್ರೈವಿಗೇ ತಾನೇ!

'ಕ್ಲೌಡ್ ಡೌನ್‌ಲೋಡ್' ಆರಿಸಿದರೆ ವಿಂಡೋಸನ್ನು ಇಂಟರ್ನೆಟ್ಟಿನಿಂದ ತರಲು ಸುಮಾರು 4 ಜಿಬಿ ಡೇಟಾ ಎಳೆಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ಮನೆಯಲ್ಲಿ ಯಂತ್ರದಲ್ಲೇ ಇರುವ ಫೈಲುಗಳಿಂದ ಕೂರಿಸುವ 'ಲೋಕಲ್ ರೀಇನ್‌ಸ್ಟಾಲ್' ಮೇಲು. ಮಳೆಗಾಲವಾದರೆ ಬ್ಯಾಟರಿ ಪೂರಾ ತುಂಬಿಸಿ, ಚಾರ್ಜರನ್ನು ಇನ್ವರ್ಟರ್ ಇರುವ ಪ್ಲಗ್ಗಿಗೇ ಸಿಕ್ಕಿಸಿ ಶುರು ಮಾಡಿ. ಅರ್ಧದಲ್ಲಿ ಯಂತ್ರ ಆಫ್ ಆದರೆ ವಿಂಡೋಸ್ ಮೇಲೇಳದೆಯೂ ಹೋಗಬಹುದು.

ಬ್ಯಾಕಪ್ ಎಲ್ಲರಿಗೂ ಗೊತ್ತು. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು ಜಾಸ್ತಿ: ಸೊಸೈಟಿಯ ನೋಟಿಸು, ಯಕ್ಷಗಾನದ ಹ್ಯಾಂಡ್‌ಬಿಲ್ಲು ಹಳೆ ನುಡಿ ಫಾಂಟಿನಲ್ಲಿದ್ದರೆ ಫೈಲ್ ಒಂದೇ ಉಳಿಸಿದರೆ ಸಾಲದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಫಾಂಟನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಇಲ್ಲವೇ ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರಕ್ಕೆ ಬದಲಿಸಿಡಿ.

ಆಪಲ್ ಕಂಪನಿಯ ಮ್ಯಾಕ್ ಬಳಸುವವರು, ಕಳೆದುಹೋದ ಯಂತ್ರ ಹುಡುಕಲು ಇರುವ 'ಫೈಂಡ್ ಮೈ' ಆಫ್ ಮಾಡಿರಬೇಕು. ಆಫ್ ಆಗದಿದ್ದರೆ ಈಚಿನ ಮ್ಯಾಕುಗಳು ಅಳಿಸಿದ ಮೇಲೂ ಹಳೆ ಯಜಮಾನರ ಪಾಸ್‌ವರ್ಡ್ ಕೇಳುತ್ತ ಕೂರುತ್ತವೆ.

ಕಂಪನಿಯ ಲ್ಯಾಪ್‌ಟಾಪಾದರೆ ಐಟಿಯವರನ್ನು ಕೇಳದೆ ಕೈ ಹಾಕಬೇಡಿ. ಅದರಲ್ಲಿರುವ ಕೆಲಸದ ಫೈಲು ಅವರ ಸ್ವತ್ತು. ಕೆಲವರು ತಾವೇ ಅಳಿಸುತ್ತಾರೆ, ನಿಮ್ಮಿಂದ ಬೇಡ ಅನ್ನುತ್ತಾರೆ. ಆಗ ನಿಮ್ಮ ಸ್ವಂತ ಜಿಮೇಲ್, ವಾಟ್ಸ್‌ಆಪ್ ಲಾಗ್‌ಔಟ್ ಮಾಡಿ, ಬ್ರೌಸರಿನಲ್ಲಿ ಉಳಿಸಿದ ನಿಮ್ಮ ಪಾಸ್‌ವರ್ಡ್ ತೆಗೆದರೆ ಸಾಕು. ರೀಸೆಟ್ ಮಾಡಿ ಅಂದರೆ, ಎಲ್ಲ ಮುಗಿದು 'ಯಾವ ದೇಶ, ಯಾವ ಕೀಬೋರ್ಡ್' ಎಂದು ಕೇಳುವ ಪರದೆ ಬಂದಾಗ ನಿಲ್ಲಿಸಿ. ನಿಮ್ಮ ಹೆಸರಲ್ಲಿ ಮತ್ತೆ ಲಾಗಿನ್ ಆಗಬೇಡಿ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ಸಮೇತ ಪ್ಯಾಕ್ ಮಾಡಿ.